ತಡವಾಗಿ ಓದುವವರ ಹೊಣೆ

ಪ್ರಸಿದ್ಧವಾದ ಕಾದಂಬರಿಯೊಂದನ್ನು ತಾರುಣ್ಯದಲ್ಲಿ ಓದದೆ, ಸಂಸಾರದ ಭಾರವನ್ನು ಹೊತ್ತ ಮೇಲೆ ಮೊದಲ ಸಲ ಕೈಗೆತ್ತಿಕೊಳ್ಳುವುದು ನಷ್ಟವೋ ಲಾಭವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ನಮ್ಮ ಪುಟ್ಟೇನಹಳ್ಳಿಯ ಕೆರೆಯ ಸುತ್ತ ಎದ್ದಿರುವ ಬಹುಮಹಡಿಯ ಕಟ್ಟಡಗಳಲ್ಲಿ, ಕುವೆಂಪುರವರ ‘ಕಾನೂರು ಹೆಗ್ಗಡಿತಿ’ಯು ಗಾಜಿನ ಬೀರುವಿನೊಳಗೆ ಮೌನವಾಗಿ ಕುಳಿತಿರುವ ಮನೆಗಳು ಹಲವಿರಬಹುದು. ಗಿರೀಶ ಕಾರ್ನಾಡರು 1999ರಲ್ಲಿ ತೆಗೆದ ಚಲಚ್ಚಿತ್ರವನ್ನು ನೋಡಿಯೋ, ಬಲ್ಲವರ ಪ್ರಶಂಸೆಯನ್ನು ಕೇಳಿಯೋ ನಾವು ಪಡೆದಿರುವುದು ಕೀರ್ತಿಯ ಪರಿಚಯವೇ ಹೊರತು ಕೃತಿಯ ಪರಿಚಯವಲ್ಲ.

ಈ ಗ್ರಂಥವು ಪ್ರಕಟವಾದುದು 1936ರಲ್ಲಿ. 1904ರಲ್ಲಿ ಜನಿಸಿದ ಕರ್ತೃವು ಆಗ ಇನ್ನೂ ತರುಣರೇ. ಮೈಸೂರಿನಲ್ಲಿ ಓದಿ ಮಲೆನಾಡಿನ ತನ್ನ ಊರಿಗೆ ಬರುವ ಹೂವಯ್ಯನು ಆದರ್ಶವಾದಿ. ಮನೆಯ ಯಜಮಾನ ಚಂದ್ರಯ್ಯಗೌಡನು ಹಳೆಯ ಅಧಿಕಾರದ ಮೂರ್ತಿ. ಇಪ್ಪತ್ತರ ಹರೆಯದ ವಾಚಕರು ಯಾರ ಪಕ್ಷವನ್ನು ವಹಿಸುವರೆಂಬಲ್ಲಿ ಸಂದೇಹವಿಲ್ಲ. ಆದರೆ ಕೃತಿಗೆ ಹೂವಯ್ಯನ ಹೆಸರಿಲ್ಲ. ಗೌಡನ ಮೂರನೆಯ ಹೆಂಡತಿಯಾಗಿ ಆ ಮನೆಯನ್ನು ಸೇರಿದ ಸುಬ್ಬಮ್ಮನ ಪದವಿಯೇ ಅದರ ಹೆಸರು. ಏಕೆ?

ಈ ಪ್ರಶ್ನೆಯು ತರುಣರನ್ನು ಬಾಧಿಸುವುದು ಅಪರೂಪ. ಮನೆ ನಡೆಸಿದವರಿಗಾದರೋ ಉತ್ತರವು ತಾನಾಗಿ ಹೊಳೆಯುತ್ತದೆ. ಹೆಗ್ಗಡಿತಿಯೆಂಬ ಬಿರುದಿನ ಹೊರತು ತನ್ನದೆಂಬುದು ಹೆಚ್ಚೇನೂ ಇಲ್ಲದ ಆ ಹೆಣ್ಣು ಒರಟು, ಬಾಯಿಬಡುಕಿ. ಅವಳ ತಪ್ಪುಗಳು ಅವಳವೇ. ಅವುಗಳಿಗೆ ಎಡೆಮಾಡಿದ ಕಟ್ಟಳೆ ಮಾತ್ರ ಅವಳದಲ್ಲ. ಮನೆತನದ ಪ್ರತಿಷ್ಠೆಗೆ ಬೆಲೆ ತೆತ್ತವರು ಯಾರೆಂಬುದನ್ನು ಗ್ರಂಥದ ಹೆಸರೇ ಸಾರುತ್ತಿದೆ.

ವಯಸ್ಸಿನೊಡನೆ ಬರುವ ಈ ಸಹಾನುಭೂತಿಯಲ್ಲಿ ಒಂದು ಅಪಾಯವೂ ಉಂಟು. ಯಜಮಾನಿಕೆಯ ಕಷ್ಟವನ್ನು ಬಲ್ಲ ನಾವು ಗೌಡನಲ್ಲಿಯೂ ನಮ್ಮನ್ನು ಕಾಣುತ್ತೇವೆ. “ಪಾಪ, ಆ ಕಾಲವೇ ಹಾಗಿತ್ತು” ಎಂದು ಸುಮ್ಮನಾಗಿಬಿಡುತ್ತೇವೆ. ಅರಿಯುವುದು ಬೇರೆ, ಮನ್ನಿಸುವುದು ಬೇರೆ. ಗೌಡನ ಮನಸ್ಸನ್ನು ಎಷ್ಟು ಅರಿತರೂ ಸುಬ್ಬಮ್ಮನಿಗಾದ ಅನ್ಯಾಯವು ಅನ್ಯಾಯವೇ. ತರುಣರ ಕೋಪದಲ್ಲಿ ಅರಿವು ಸಾಲದು. ಹಿರಿಯರ ಅರಿವಿನಲ್ಲಿ ಕೋಪ ಸಾಲದು. ಒಳ್ಳೆಯ ಕಾದಂಬರಿಯು ಎರಡನ್ನೂ ಬೇಡುತ್ತದೆ.

ಆದುದರಿಂದ ತಡವಾದ ಓದು ನಷ್ಟವಲ್ಲ, ಹೆಚ್ಚಿನ ಹೊಣೆ. ಇಪ್ಪತ್ತರಲ್ಲಿ ಓದಿದವರಿಗೆ ಮರುಗಲು ಮಾತ್ರ ಸಾಧ್ಯವಿತ್ತು. ಮನೆಯ ಮಾತು ಅವರ ಕೈಯಲ್ಲಿರಲಿಲ್ಲ. ನಮ್ಮ ಕೈಯಲ್ಲಿದೆ. ನಮ್ಮ ಛಾವಣಿಯ ಕೆಳಗೆ ಯಾರ ಬಾಳು ಯಾರ ಒಪ್ಪಿಗೆಯನ್ನೂ ಕೇಳದೆ ತೀರ್ಮಾನವಾಗುತ್ತಿದೆ ಎಂದು ವಿಚಾರಿಸಿ, ಆ ತೀರ್ಮಾನವನ್ನು ತಡೆಯಬಲ್ಲವರು ನಾವೇ.