ದೇವರಿಗೆ ಸೂತಕ ತಟ್ಟುತ್ತದೆಯೇ?

2023ರ ಜುಲೈ ತಿಂಗಳು. ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಬಾಣಂತಿಯೊಬ್ಬಳಿಗೆ ಹೆರಿಗೆಯಾದದ್ದು ಆಸ್ಪತ್ರೆಯಲ್ಲೇ. ವೈದ್ಯರಿದ್ದರು, ಔಷಧಿಯಿತ್ತು, ಊರಿಗೆ ಮರಳಲು ರಸ್ತೆಯೂ ಇತ್ತು. ಮನೆಯ ಬಾಗಿಲು ಮಾತ್ರ ತೆರೆಯಲಿಲ್ಲ. ಸೂತಕದ ಕಾರಣಕ್ಕೆ ತಾಯಿ, ಮಗು ಇಬ್ಬರೂ ಹಟ್ಟಿಯಾಚೆಯ ಗುಡಿಸಲಲ್ಲಿ ಉಳಿದರು. ಮಳೆಗಾಲದ ಥಂಡಿ. ಕಾಯಿಲೆ ಬಿದ್ದ ಹಸುಗೂಸನ್ನು ಮತ್ತೆ ಆಸ್ಪತ್ರೆಗೆ ಒಯ್ದರೂ ಅದು ಬದುಕಲಿಲ್ಲ.

ಹಳ್ಳಿಯ ಹೆಣ್ಣಿನ ಆರೋಗ್ಯದ ಮಾತು ಬಂದಾಗಲೆಲ್ಲ ಸರ್ಕಾರ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುತ್ತದೆ. ತುಮಕೂರು, ಚಿತ್ರದುರ್ಗ ಸೀಮೆಯ ಅನೇಕ ಹಟ್ಟಿಗಳಲ್ಲಿ ಆ ಅಳತೆ ಸಾಲದು. ಅಲ್ಲಿ ತಾಯಿಗೂ ಬೆಚ್ಚನೆಯ ಕೋಣೆಗೂ ನಡುವೆ ನಿಂತಿರುವುದು ದೇವರ ಕುರಿತ ಒಂದು ನಂಬಿಕೆ. ಆದ್ದರಿಂದ ಈ ಸಮಸ್ಯೆಗೆ ಧರ್ಮದೊಳಗೂ ಉತ್ತರ ಹುಡುಕಬೇಕು.

ಈ ಹಟ್ಟಿಗಳಲ್ಲಿ ನೆಲೆಸಿರುವ ಕಾಡುಗೊಲ್ಲರದು ದನ, ಕುರಿ ಸಾಕಿ ಬದುಕಿದ ಸಮುದಾಯ. ಮುಳ್ಳುಬೇಲಿಯ ಒಳಗಿನ ಹಟ್ಟಿಯೇ ಅವರಿಗೆ ದೇವರ ನೆಲೆ. ಮುಟ್ಟಾದವಳು, ಹೆತ್ತವಳು ಒಳಗೆ ಕಾಲಿಟ್ಟರೆ ದೇವರು ಮುನಿದಾನು, ಕೇಡಾದೀತು ಎಂಬ ಭಯ ಅಲ್ಲಿನದು. ಸೊಸೆಯನ್ನು ಹೊರಗೆ ಕೂರಿಸುವ ಅತ್ತೆಯೂ ಒಂದು ಕಾಲಕ್ಕೆ ಅದೇ ಗುಡಿಸಲಲ್ಲಿ ಚಳಿ ತಿಂದವಳು. ಅವಳಲ್ಲಿ ಕ್ರೌರ್ಯ ಹುಡುಕುವುದು ಅನ್ಯಾಯ. ಸೂತಕವನ್ನು ಗೊಲ್ಲರ ಮೇಲಷ್ಟೇ ಹೊರಿಸುವುದೂ ತಪ್ಪು. ನಗರದ ಎಷ್ಟೋ ಓದಿದ ಮನೆಗಳಲ್ಲಿ ಹೆಣ್ಣುಮಕ್ಕಳು ಇಂದಿಗೂ ತಿಂಗಳಿಗೊಮ್ಮೆ ‘ಹೊರಗೆ’ ಕೂರುತ್ತಾರೆ. ಅವರ ತಲೆಯ ಮೇಲೆ ಸೂರಿರುತ್ತದೆ, ಅಷ್ಟೇ ವ್ಯತ್ಯಾಸ.

ಈ ಪದ್ಧತಿ ಬಾಣಂತಿಗೆ ವಿಶ್ರಾಂತಿ ಕೊಡಲೆಂದೇ ಹುಟ್ಟಿತು ಎನ್ನುವವರಿದ್ದಾರೆ. ಮೂಲ ಏನೇ ಇರಲಿ, ನವಜಾತ ಶಿಶುವಿನ ಮೈ ಬಹುಬೇಗ ಶಾಖ ಕಳೆದುಕೊಳ್ಳುತ್ತದೆ. ತೂಕ ಕಡಿಮೆಯಿದ್ದರೆ ಇನ್ನೂ ಬೇಗ. ಸೋರುವ ಸೋಗೆಯ ಕೆಳಗೆ, ಒದ್ದೆ ನೆಲದ ಮೇಲೆ, ಹೊಲಿಗೆ ಮಾಗದ ತಾಯಿಗೆ ಯಾವ ವಿಶ್ರಾಂತಿ?

ಇನ್ನು ದೇವರ ಮಾತು. ಕಾಡುಗೊಲ್ಲರು ಪೂಜಿಸುವ ಜುಂಜಪ್ಪ ದನ ಕಾದ ವೀರ. ಎತ್ತಪ್ಪನೂ ಅಂಥವನೇ. ಹಾಡಿನಲ್ಲಿ ಬದುಕಿರುವ ಈ ದೈವಗಳಿಗೂ ಹೆತ್ತ ತಾಯಿಯಿದ್ದಾಳೆ. ಹೆಣ್ಣು ಹೆತ್ತು ಸಾಕಿದ ದೈವಕ್ಕೆ ಹೆರಿಗೆಯ ರಕ್ತ ಹೇಗೆ ಮೈಲಿಗೆಯಾದೀತು? ಈ ಪ್ರಶ್ನೆ ಕನ್ನಡ ನೆಲಕ್ಕೆ ಹೊಸದೂ ಅಲ್ಲ. ಜನನ, ರಜಸ್ಸು ಸೇರಿದಂತೆ ಪಂಚಸೂತಕಗಳನ್ನು ಶರಣಧರ್ಮ ನಿರಾಕರಿಸಿತು. ಮೈಮೇಲೆ ಇಷ್ಟಲಿಂಗ ಧರಿಸಿದವಳಿಗೆ ಯಾವ ಹೊಲೆಯೂ ಇಲ್ಲವೆಂದಿತು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮ ಜೀವಮಾನವೆಲ್ಲ ಹೆರಿಗೆಯ ಆ ರಕ್ತದಲ್ಲೇ ಕೈಯಾಡಿಸಿ ಸಾವಿರಾರು ಕೂಸುಗಳನ್ನು ಭೂಮಿಗೆ ತಂದರು. 2018ರಲ್ಲಿ ಪದ್ಮಶ್ರೀ ಬಂದಾಗ ಜಿಲ್ಲೆಗೆ ಜಿಲ್ಲೆಯೇ ಆ ಕೈಗಳಿಗೆ ಕೈಮುಗಿಯಿತು.

ಕಾನೂನು ತನ್ನ ಮಾತು ಹೇಳಿದೆ. 2020ರಲ್ಲಿ ಜಾರಿಯಾದ ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆ ಮುಟ್ಟಾದವರನ್ನು, ಗರ್ಭಿಣಿಯರನ್ನು ಊರಾಚೆ ಇಡುವುದನ್ನು ಅಪರಾಧವೆನ್ನುತ್ತದೆ. ಮಲ್ಲೇನಹಳ್ಳಿಯ ಸಾವಿನ ನಂತರ ಗುಬ್ಬಿ ತಾಲ್ಲೂಕಿನ ಹಟ್ಟಿಯೊಂದಕ್ಕೆ ನ್ಯಾಯಾಧೀಶರೇ ಹೋಗಿ ಬಾಣಂತಿಯನ್ನು ಮನೆಗೆ ಸೇರಿಸಿದರು. ಇನ್ನೊಂದೆಡೆ ಕೆಲವು ಹಟ್ಟಿಗಳ ಹೊರಗೆ ಸರ್ಕಾರವೇ ಹೆಂಗಸರಿಗೆ ಭವನ ಕಟ್ಟಿಸಿದೆ. ಮಳೆಯಿಂದ ಅದು ಕಾಪಾಡುತ್ತದೆ, ನಿಜ. ಆದರೆ ಸೂತಕಕ್ಕೆ ಸಿಮೆಂಟಿನ ಗೋಡೆ ಬಂದರೆ ಅದಕ್ಕೆ ಸರ್ಕಾರಿ ಮುದ್ರೆಯೂ ಬಿದ್ದಂತೆ.

ಆಸ್ಪತ್ರೆಯಲ್ಲಿ ಹೆತ್ತ ತಾಯಿಯನ್ನು 42 ದಿನಗಳೊಳಗೆ ಆಶಾ ಕಾರ್ಯಕರ್ತೆ ಆರು ಸಲ ಮನೆಯಲ್ಲೇ ನೋಡಬೇಕೆಂಬುದು ನಿಯಮ. ಮೊದಲ ಭೇಟಿ ಮೂರನೆಯ ದಿನ. ಅಷ್ಟರಲ್ಲಿ ಗುಡಿಸಲು ಸಿದ್ಧವಾಗಿರುತ್ತದೆ. ಹಾಗಾಗಿ ಆರೋಗ್ಯ ಇಲಾಖೆಯವರು ಬಸುರಿಗೆ ಏಳು ತುಂಬುವ ಹೊತ್ತಿಗೇ ಹಟ್ಟಿಯ ಪೂಜಾರಿಯ, ಯಜಮಾನರ, ಅತ್ತೆಯ ಮುಂದೆ ಕೂತು ಮಾತಾಡಬೇಕು. ಜುಂಜಪ್ಪನ ಹೆಸರು ಹಿಡಿದೇ ಮಾತಾಡಬೇಕು. ಆ ಮಾತಿಗೆ ಹಟ್ಟಿಯಲ್ಲೇ ಹುಟ್ಟಿ ಓದಿದ ಹೆಣ್ಣುಮಕ್ಕಳು ಜೊತೆಗಿದ್ದರೆ ಅದಕ್ಕೊಂದು ತೂಕ ಬರುತ್ತದೆ.