ಕಿವಿಗೆ ಬಿತ್ತು, ಕೇಳಿದೆವಾ?

ದೇವಜನರೇ, ಈ ದಿನದ ವಾಕ್ಯಭಾಗ 1 ಸಮುವೇಲನು, ಮೂರನೇ ಅಧ್ಯಾಯ. ಸತ್ಯವೇದ ತಂದಿರುವವರು ತೆರೆದಿಟ್ಟುಕೊಳ್ಳಿ.

ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್ ಕಲಿಯುವಾಗ ಎರಡು ಪದ ತಲೆ ತಿನ್ನುತ್ತವೆ: ಹಿಯರ್, ಲಿಸನ್. ಕನ್ನಡದಲ್ಲಿ ಎರಡಕ್ಕೂ ಏನಂತೀವಿ? ಕೇಳು. ಒಬೇ ಅಂದ್ರೆ? ಮನೇಲಿ ಮಕ್ಕಳಿಗೆ 'ಹೇಳಿದ ಮಾತು ಕೇಳು' ಅಂತೀವಿ. ಆಸ್ಕ್ ಅಂದ್ರೆ? ಅದಕ್ಕೂ ಕೇಳು. ಮನೇಲಿ ತಮಿಳು ಮಾತಾಡುವವರೂ ಈ ಸಭೆಯಲ್ಲಿದ್ದೀರಿ. ನಿಮ್ಮ 'ಕೇಳ್' ಕೂಡ ಹೀಗೇ ಅಲ್ವಾ? ಇಂಗ್ಲಿಷಿನ ನಾಲ್ಕು ಪದ ನಮ್ಮ ಒಂದೇ ಪದದೊಳಗೆ ಕೂತಿವೆ.

ವ್ಯತ್ಯಾಸ ಏನು? ಹಿಯರ್ ಅಂದ್ರೆ ಶಬ್ದ ತಾನಾಗಿ ಕಿವಿಗೆ ಬೀಳುವುದು. ಲಿಸನ್ ಅಂದ್ರೆ ನಾವಾಗಿ ಕಿವಿಗೊಡುವುದು. ಲಿಸನ್ ಆದ ಮೇಲೆ ಇಂಗ್ಲಿಷಿನಲ್ಲಿ 'ಟು' ಸೇರಿಸಬೇಕು, ಯಾರಿಗೆ ಕಿವಿಗೊಟ್ಟೆ ಅಂತ ಹೇಳಬೇಕು. ಕಾಡಂಚಿನಲ್ಲಿ ಹೊಲ ಇರುವವರಿಗೆ ಇದನ್ನ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮುಸುಕಿನ ಜೋಳ ಬಲಿತಾಗ ರಾತ್ರಿ ಅಟ್ಟಣೆ ಮೇಲೆ ಕಾವಲು ಕೂರ್ತೀರಿ. ಜೀರುಂಡೆ ಸದ್ದು ರಾತ್ರಿಯೆಲ್ಲಾ ಕಿವಿಗೆ ಬೀಳುತ್ತೆ, ಅದು ಹಿಯರ್. ಎಲ್ಲೋ ಒಂದು ಕೊಂಬೆ ಲಟಕ್ಕನೆ ಮುರಿದ ಕೂಡಲೇ ಉಸಿರು ಹಿಡಿದು, ಯಾವ ಕಡೆ, ಒಂಟಿ ಆನೆಯೋ ಹಿಂಡೋ ಅಂತ ಕೇಳ್ತೀರಲ್ಲ, ಅದು ಲಿಸನ್. ಕೇಳಿದ ಮೇಲೆ ಸುಮ್ಮನೆ ಮಲಗ್ತೀರಾ? ಇಲ್ಲ, ಏಳ್ತೀರಿ.

ಈಗ ವಾಕ್ಯಕ್ಕೆ ಬನ್ನಿ. ಬಾಲಕ ಸಮುವೇಲನನ್ನ ದೇವರು ಕರೆದರು. ಸ್ವರ ಅವನ ಕಿವಿಗೆ ಬಿತ್ತು, ಆದರೆ ಯಾರ ಸ್ವರ ಅಂತ ತಿಳಿಯಲಿಲ್ಲ. ಮೂರು ಸಾರಿ ಎದ್ದು ಏಲಿಯ ಹತ್ತಿರ ಓಡಿದ. ಕಣ್ಣು ಮಂಜಾಗಿದ್ದ ಆ ಮುದುಕನೇ ಗ್ರಹಿಸಿ, ಮತ್ತೆ ಕರೆದರೆ ನಿನ್ನ ದಾಸನು ಕೇಳಿಸಿಕೊಳ್ಳುತ್ತಿದ್ದಾನೆ ಅನ್ನು ಅಂತ ಹೇಳಿಕೊಟ್ಟ. ನಾಲ್ಕನೇ ಸಾರಿ ಹುಡುಗ ಕಿವಿಗೊಟ್ಟ. ಹಲ್ಲೆಲೂಯಾ!

ಆದರೆ ಆ ರಾತ್ರಿ ಬಂದ ಮಾತು ಏನು? ಏಲಿಯ ಮನೆತನಕ್ಕೆ ನ್ಯಾಯತೀರ್ಪು! ಯಾಕೆ? ಮಕ್ಕಳಾದ ಹೊಫ್ನಿ ಫೀನೆಹಾಸರ ದುಷ್ಟತನ ಏಲಿಯ ಕಿವಿಗೆ ಬಿದ್ದಿತ್ತು. ಬುದ್ಧಿಮಾತನ್ನೂ ಹೇಳಿದ್ದ. ಆದರೆ ಅವರನ್ನ ತಡೆಯಲಿಲ್ಲ. ಬೇರೆಯವರಿಗೆ ದೇವರ ಸ್ವರ ಕೇಳೋದನ್ನ ಕಲಿಸಿದವನು ತನ್ನ ಮನೆಯಲ್ಲಿ ಅದರಂತೆ ನಡೆಯಲಿಲ್ಲ. ಪ್ರಿಯರೇ, ಇದು ನನಗೂ ಭಯ ಹುಟ್ಟಿಸುವ ಮಾತು.

ಇಬ್ರಿಯ ಭಾಷೆಯಲ್ಲಿ 'ಶಮಾ' ಅಂತ ಒಂದು ಪದ. ಧರ್ಮೋಪದೇಶಕಾಂಡ 6:4ರಲ್ಲಿ ಇಸ್ರಾಯೇಲರನ್ನ ಕರೆದು ಹೇಳಿದ ಪದ ಅದೇ. ನಮ್ಮ 'ಕೇಳು' ಹಾಗೆ ಅದಕ್ಕೂ ಕಿವಿಗೊಡು, ವಿಧೇಯನಾಗು ಎರಡೂ ಅರ್ಥ. ಇಂಗ್ಲಿಷಿನ ಒಬೇ ಪದದ ಬೇರು ಹುಡುಕಿದರೂ ಅದು ಲ್ಯಾಟಿನ್ ಭಾಷೆಯ 'ಕೇಳು' ಅನ್ನೋ ಪದಕ್ಕೇ ಹೋಗುತ್ತೆ. ಹಾಗಾದ್ರೆ ಕೇಳಿ ಸುಮ್ಮನಿದ್ದರೆ ಅದು ಅರ್ಧ ಕೇಳಿದ ಹಾಗೆ.

ನಮ್ಮ ಮನೆಗಳಿಗೆ ಬರೋಣ. ಹತ್ತನೇ ಕ್ಲಾಸು ಮುಗಿಸಿದ ಮಗಳು 'ಅಮ್ಮಾ, ನಾನು ಕೊಳ್ಳೇಗಾಲಕ್ಕೆ ಹೋಗಿ ಪಿಯುಸಿ ಓದ್ತೀನಿ' ಅಂತಾಳೆ. ಒಲೆ ಮುಂದೆ ಕೂತ ತಾಯಿ ಕಿವಿಗೆ ಬೀಳುತ್ತೆ. ಅಪ್ಪನ ಕಿವಿಗೂ ಬೀಳುತ್ತೆ. 'ಒಳ್ಳೇ ಸಂಬಂಧ ಬಂದಿದೆ, ಸುಮ್ನಿರು' ಅಂತಾರೆ. ನಿಮ್ಮ ಕಷ್ಟವನ್ನೂ ನಾನು ಕೇಳಿದ್ದೇನೆ. ತಿರುಪ್ಪೂರಿಗೆ ಕೂಲಿಗೆ ಹೋಗುವಾಗ ವಯಸ್ಸಿಗೆ ಬಂದ ಮಗಳನ್ನ ಯಾರ ಹತ್ತಿರ ಬಿಡೋದು ಪಾಸ್ಟರ್ ಅಂತೀರಿ. ನಿಜವಾದ ಭಯವೇ. ಆದರೆ ಭಯಕ್ಕೆ ಮದುವೆ ಮದ್ದಲ್ಲ. ಸರ್ಕಾರಿ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕೋಣ, ಸಭೆಯ ಹಿರಿಯರು ಜೊತೆಗೆ ಬರ್ತಾರೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ತುಂಬದ ಮದುವೆಗೆ ಈ ಕೈ ಎತ್ತಿ ಆಶೀರ್ವಾದ ಮಾಡೋದಿಲ್ಲ. ಬೇಜಾರಾದರೂ ಸರಿ, ಈಗಲೇ ಹೇಳಿಬಿಡ್ತೀನಿ. ಯಾವ ಮಗುವಿಗಾದರೂ ಮನೇಲಿ ಕೇಳುವವರಿಲ್ಲ ಅಂದ್ರೆ 1098ಕ್ಕೆ ಫೋನ್ ಮಾಡಬಹುದು ಮಗಳೇ, ದುಡ್ಡು ಬೇಕಾಗಿಲ್ಲ.

ನಾಲ್ಕನೇ ಅರ್ಥ ಉಳಿಯಿತು, ಆಸ್ಕ್. ಮೊದಲನೇ ಅಧ್ಯಾಯದಲ್ಲಿ ಹನ್ನಳು ಅತ್ತು ಅತ್ತು ದೇವರ ಹತ್ತಿರ ಮಗನನ್ನ ಕೇಳಿಕೊಂಡಳು. ಕೇಳಿ ಪಡೆದವನು ಅಂತಲೇ ಸಮುವೇಲ ಎಂದು ಹೆಸರಿಟ್ಟಳು. ತುಟಿ ಮಾತ್ರ ಅಲ್ಲಾಡ್ತಿತ್ತು, ಸ್ವರ ಇರಲಿಲ್ಲ. ಏಲಿ ನೋಡಿ, ಇವಳು ಕುಡಿದಿದ್ದಾಳೆ ಅಂದುಕೊಂಡ. ಸ್ವರವೇ ಇಲ್ಲದ ಆ ಪ್ರಾರ್ಥನೆಯನ್ನ ದೇವರು ಕೇಳಿದರು. ನಾವೂ ಹಾಗೇ ಉಪವಾಸ ಮಾಡಿ, ಕಣ್ಣೀರಿಟ್ಟು ಮಕ್ಕಳನ್ನ ಕೇಳಿಕೊಂಡವರು. ಕೇಳಿ ಪಡೆದ ಮಗು ಈಗ ಬಾಯಿ ಬಿಟ್ಟು ಮಾತಾಡ್ತಿದೆ. ಕೇಳೋಣವೇ?

ಈ ವಾರ ಒಂದು ರಾತ್ರಿ ಟಿವಿ ಆರಿಸಿ, ಮೊಬೈಲ್ ಪಕ್ಕಕ್ಕಿಡಿ. ಮಗ, ಮಗಳು, ಹೆಂಡತಿ, ವಯಸ್ಸಾದ ಅತ್ತೆ, ಒಬ್ಬರನ್ನ ಕೂರಿಸಿಕೊಂಡು ನಡುವೆ ಬಾಯಿ ಹಾಕದೆ ಕೇಳಿ. ಕೇಳಿದ್ದರಲ್ಲಿ ಮಾಡಬೇಕಾದದ್ದು ಒಂದನ್ನ ಮಾಡಿ.

ಎಲ್ಲರೂ ಎದ್ದು ನಿಲ್ಲೋಣ. ಕರ್ತನೇ, ಕಿವಿ ಕೊಟ್ಟವನು ನೀನೇ, ಕೇಳುವ ಹೃದಯವನ್ನೂ ಕೊಡು. ನಮ್ಮ ಮನೆಗಳಲ್ಲಿ ಬಾಯಿ ಮುಚ್ಚಿ ಅಳುವವರ ಸ್ವರ ನಮಗೆ ಕೇಳಿಸಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.