ಯಾರೂ ನೋಡದ ಹೊಡೆತ

ಶಕ್ತಿನಗರದ ಕಡೆ ಭಾನುವಾರ ಸಂಜೆ ಹುಡುಗರು ಅಂಡರ್‌ಆರ್ಮ್ ಕ್ರಿಕೆಟ್ ಆಡುವ ಜಾಗದ ಹತ್ತಿರ ಸುಮ್ಮನೆ ನಿಂತು ಕೇಳಿ. ಬ್ಯಾಟಿನ ಸದ್ದಿಗಿಂತ ತರ್ಕದ ಸದ್ದೇ ಜಾಸ್ತಿ. ಔಟಾ ಅಲ್ಲವಾ, ಚೆಂಡು ಗೆರೆ ದಾಟಿತಾ ಇಲ್ಲವಾ. ಅಂಪೈರಾಗಿ ನಿಂತವನು ಬ್ಯಾಟಿಂಗ್ ತಂಡದವನೇ ಆಗಿದ್ದರಂತೂ ಮುಗಿಯಿತು: "ಎಂತ ಮಾರಾಯ, ನಿನಗೆ ಕಣ್ಣು ಕಾಣುವುದಿಲ್ಲವಾ?" ಕಂಬಳದ ಕರೆಯಲ್ಲೂ ಮುಂಚೆ ಇದೇ ತಕರಾರು; ಈಗ ಲೇಸರ್ ಕಿರಣ ಬಂದು ಎಷ್ಟೋ ವಾಗ್ವಾದಗಳ ಬಾಯಿ ಮುಚ್ಚಿಸಿದೆ. ಆಡುವುದು ನಮ್ಮ ಕೆಲಸ, ನ್ಯಾಯ ಹೇಳುವುದು ಇನ್ನೊಬ್ಬರ ಕೆಲಸ ಎಂಬ ಒಪ್ಪಂದದ ಮೇಲೆಯೇ ನಮ್ಮ ಆಟಗಳೆಲ್ಲ ನಿಂತಿವೆ. ಅಂಪೈರನನ್ನು ಬೈಯುವವನೂ ಈ ಒಪ್ಪಂದವನ್ನು ಮುರಿಯುವುದಿಲ್ಲ.

ಇಲ್ಲಿಂದ ಕುಲಶೇಖರ, ವಾಮಂಜೂರು ದಾಟಿ ಪಿಲಿಕುಳಕ್ಕೆ ಹೋದರೆ ಅಲ್ಲೊಂದು ಗಾಲ್ಫ್ ಮೈದಾನವಿದೆ. ಅಲ್ಲಿ ಈ ಒಪ್ಪಂದ ನಡೆಯುವುದಿಲ್ಲ. ವಾರಕ್ಕೊಮ್ಮೆ ಬಂದು ಆಡುವ ಹವ್ಯಾಸಿಯ ಹಿಂದೆ ಯಾವ ಅಂಪೈರೂ ನಡೆಯುವುದಿಲ್ಲ. ಪೊದೆಯ ಹತ್ತಿರ ಬಿದ್ದ ಚೆಂಡಿಗೆ ತನ್ನ ಕೋಲು ತಾಗಿ ಅದು ಅರ್ಧ ಇಂಚು ಸರಿದರೆ ಅವನೇ ಹೇಳಬೇಕು, ತನ್ನ ಮೇಲೆ ತಾನೇ ಒಂದು ಹೊಡೆತದ ದಂಡ ಹಾಕಿಕೊಳ್ಳಬೇಕು, ಚೆಂಡನ್ನು ಮೊದಲಿದ್ದಲ್ಲೇ ಇಟ್ಟು ಮುಂದುವರಿಯಬೇಕು. ಗಾಲ್ಫಿನ ನಿಯಮ ಪುಸ್ತಕ ಶುರುವಾಗುವುದೇ ಇಲ್ಲಿಂದ. ಪ್ರಾಮಾಣಿಕತೆ, ಜೊತೆಯವರ ಬಗ್ಗೆ ಕಾಳಜಿ, ಮೈದಾನದ ಬಗ್ಗೆ ಕಾಳಜಿ, ಈ ಮೂರನ್ನೂ ಮೊದಲನೇ ನಿಯಮದಲ್ಲೇ ಹೇಳಿ, ಕೋಲು ಹಿಡಿಯುವ ವಿಚಾರಕ್ಕೆ ಆಮೇಲೆ ಬರುತ್ತಾರೆ.

1925ರ ಅಮೆರಿಕದ ಓಪನ್ ಪಂದ್ಯ ನಡೆದದ್ದು ಮ್ಯಾಸಚೂಸೆಟ್ಸಿನ ವೂಸ್ಟರ್‌ನಲ್ಲಿ. ಬಾಬಿ ಜೋನ್ಸ್ ಆಗ ಜಗತ್ತಿನ ದೊಡ್ಡ ಆಟಗಾರರಲ್ಲಿ ಒಬ್ಬ, ಆದರೆ ಕೊನೆಯವರೆಗೂ ಹವ್ಯಾಸಿಯಾಗಿಯೇ ಉಳಿದವನು. ಮೊದಲ ಸುತ್ತಿನಲ್ಲಿ ಎತ್ತರದ ಹುಲ್ಲಿನ ನಡುವೆ ಹೊಡೆಯಲು ನಿಂತಾಗ ಅವನ ಚೆಂಡು ಸ್ವಲ್ಪ ಅಲುಗಿತು. ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ಅಧಿಕಾರಿಗಳು ವಿಚಾರಿಸಿದರು, ಬಿಟ್ಟುಬಿಡಲೂ ತಯಾರಿದ್ದರು. ಜೋನ್ಸ್ ಒಪ್ಪಲಿಲ್ಲ, ಒಂದು ಹೊಡೆತ ಸೇರಿಸಿಕೊಂಡ. ನಾಲ್ಕು ಸುತ್ತು ಮುಗಿದಾಗ ಅವನೂ ವಿಲ್ಲಿ ಮ್ಯಾಕ್‌ಫರ್ಲೇನ್ ಎಂಬಾತನೂ ಸಮಸಮ. ಮರುದಿನ 18 ಹೋಲ್‌ಗಳ, ಅಂದರೆ ಗುಳಿಗಳ, ಮರುಪಂದ್ಯವೂ ಸಮ. ಮತ್ತೆ 18 ಹೋಲ್ ಆಡಿಸಿದಾಗ ಜೋನ್ಸ್ ಒಂದೇ ಹೊಡೆತದಿಂದ ಸೋತ. ಆ ದಂಡ ಇಲ್ಲದಿದ್ದರೆ ಮರುಪಂದ್ಯದ ಮಾತೇ ಬರುತ್ತಿರಲಿಲ್ಲ. ಜನ ಹೊಗಳಿದಾಗ ಅವನಿಗೆ ಕಿರಿಕಿರಿಯೇ ಆಯಿತಂತೆ: ಬ್ಯಾಂಕ್ ದರೋಡೆ ಮಾಡಲಿಲ್ಲ ಎಂದು ಯಾರನ್ನಾದರೂ ಹೊಗಳುತ್ತಾರೆಯೇ?

ನಮ್ಮ ಕಡೆ ಸಾಕ್ಷಿ ಇಲ್ಲದ ವ್ಯಾಜ್ಯಕ್ಕೆ ದೈವವೇ ಸಾಕ್ಷಿ. ಕೋರ್ಟಿನಲ್ಲಿ ತೀರದ ಎಷ್ಟೋ ತಕರಾರುಗಳು ಧರ್ಮಸ್ಥಳದಲ್ಲಿ ಆಣೆ ಇಡುವ ಮಾತು ಬಂದ ಕೂಡಲೇ ತೀರಿದ್ದುಂಟು. 'ಮಾತು ಬಿಡ ಮಂಜುನಾಥ' ಎಂದರೆ ಸಾಕು, ಸುಳ್ಳು ಹೇಳುವವನ ನಾಲಗೆ ತಡವರಿಸುತ್ತದೆ. ಗಾಲ್ಫಿನಲ್ಲಿ ಆ ಭಯವೂ ಇಲ್ಲ. ಹಾಗಾದರೆ ಶನಿವಾರದ ಸುತ್ತಿನಲ್ಲಿ, ಬಹುಮಾನವೂ ಇಲ್ಲದ, ನಾಳೆ ಯಾರೂ ನೆನಪಿಡದ ಆಟದಲ್ಲಿ, ಒಂದು ಹೋಲ್‌ಗೆ ಹೊಡೆದ ಏಳನ್ನು ಆರು ಎಂದು ಬರೆದುಕೊಂಡರೆ ಯಾರ ಗಂಟು ಹೋಗುತ್ತದೆ? ಈ ಪ್ರಶ್ನೆಗೆ ನೀತಿಶಾಸ್ತ್ರದಿಂದ ಉತ್ತರ ಕೊಡುವುದು ಸುಲಭ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು ಇನ್ನೊಂದು ಕಡೆಯಿಂದ ಬರುವ ಉತ್ತರ.

ಗಾಲ್ಫ್ ಸುತ್ತು ನಾಲ್ಕು ಗಂಟೆ ಹಿಡಿಯುತ್ತದೆ. ಒಂದು ಹೊಡೆತಕ್ಕೆ ಬೇಕಾದದ್ದು ಹೆಚ್ಚೆಂದರೆ ಎರಡು ಸೆಕೆಂಡ್. ನೂರು ಹೊಡೆತ ಹೊಡೆದವನೂ ನಿಜವಾಗಿ ಆಡಿದ್ದು ಮೂರು ನಾಲ್ಕು ನಿಮಿಷ ಮಾತ್ರ. ಉಳಿದದ್ದೆಲ್ಲ ನಡಿಗೆ, ಕಾಯುವಿಕೆ, ಹುಡುಕಾಟ. ಬ್ಯಾಡ್ಮಿಂಟನ್‌ನಲ್ಲಿ ತಪ್ಪು ಹೊಡೆದವನಿಗೆ ಕೊರಗಲು ಪುರುಸೊತ್ತಿಲ್ಲ, ಶಟಲ್ ಆಗಲೇ ವಾಪಸ್ ಬಂದಿರುತ್ತದೆ. ಇಲ್ಲಿ ಕೆಟ್ಟ ಹೊಡೆತ ಹೊಡೆದು ಇನ್ನೂರು ಗಜ ನಡೆಯಬೇಕು, ಅದೂ ಮಂಗಳೂರಿನ ಸೆಕೆಯಲ್ಲಿ, ಬೆವರಿಗೆ ಕೈಯಿಂದ ಕೋಲು ಜಾರುವಾಗ. ಆ ಇನ್ನೂರು ಗಜದಲ್ಲಿ ಮನಸ್ಸು ಏನು ಮಾಡುತ್ತದೆ ಎನ್ನುವುದೇ ಈ ಆಟದ ಮುಖ್ಯ ಪ್ರಶ್ನೆ. ಹವ್ಯಾಸಿಗಳಿಗೆ ಕೋಚ್‌ಗಳು ಹೇಳುವುದೂ ಅದನ್ನೇ: ಹಿಂದಿನ ಹೊಡೆತವನ್ನು ಮರೆತುಬಿಡಿ, ಮುಂದಿನದರ ಕಡೆ ನೋಡಿ.

ಆದರೆ ಶಿಷ್ಟಾಚಾರ ಹೇಳುವುದು ಬೇರೆ. ಪ್ರತಿ ಹೊಡೆತವನ್ನೂ ಲೆಕ್ಕ ಇಡು, ಒಂದನ್ನೂ ಮರೆಯಬೇಡ. ಒಂದು ಬಾಯಿ ಮರೆ ಎನ್ನುತ್ತದೆ, ಇನ್ನೊಂದು ನೆನಪಿಡು ಎನ್ನುತ್ತದೆ. ಎರಡನ್ನೂ ಒಟ್ಟಿಗೆ ಪಾಲಿಸುವುದು ಹೇಗೆ?

ಕರ್ಣಾಟಕ ಬ್ಯಾಂಕ್, ಕೆನರಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್, ಸಿಂಡಿಕೇಟ್, ವಿಜಯಾ, ಇಷ್ಟನ್ನೂ ಹೆತ್ತ ಹಳೆಯ ದಕ್ಷಿಣ ಕನ್ನಡದವರಿಗೆ ಇದು ಒಗಟಾಗಬಾರದು. ಸಂಜೆ ಲೆಕ್ಕ ತಾಳೆಯಾದ ಕ್ಯಾಷಿಯರ್ ರಾತ್ರಿ ನಿದ್ದೆ ಮಾಡುತ್ತಾನೆ. ಹತ್ತು ರೂಪಾಯಿ ತಾಳೆಯಾಗದೆ ಮನೆಗೆ ಬಂದವನು ಊಟದ ತಟ್ಟೆಯಲ್ಲೂ ಅದನ್ನೇ ಹುಡುಕುತ್ತಾನೆ. ಮರೆಯುವುದು ಬರೆದಿಟ್ಟವನಿಗೆ ಮಾತ್ರ ಸಾಧ್ಯ. ಏಳು ಎಂದು ಬರೆದಾಗ ಆ ಹೋಲ್ ಅಲ್ಲಿಗೆ ಮುಗಿಯಿತು. ಆರು ಎಂದು ಬರೆದವನು ಆ ಒಂದನ್ನು ಮುಂದಿನ ಹೋಲ್‌ಗೂ ಹೊತ್ತುಕೊಂಡು ಹೋಗುತ್ತಾನೆ: ಜೊತೆಯವನು ನೋಡಿದನಾ, ನೋಡಿದ್ದರೆ ಏನು ಅಂದುಕೊಂಡ, ನೀರಿಗೆ ಬಿದ್ದದ್ದನ್ನು ಲೆಕ್ಕಕ್ಕೆ ಸೇರಿಸದಿದ್ದರೂ ನಡೆಯುತ್ತದಲ್ಲವೇ. ತಲೆಯಲ್ಲಿ ಇಷ್ಟು ಗಲಾಟೆ ಇಟ್ಟುಕೊಂಡು ನಾಲ್ಕಡಿ ದೂರದಿಂದ ಚೆಂಡನ್ನು ಗುಳಿಗೆ ಉರುಳಿಸುವ ಪಟ್ ಹಾಕಲು ಯಾರಿಂದ ಸಾಧ್ಯ? ಪ್ರಾಮಾಣಿಕ ಲೆಕ್ಕವೇ ಮನಸ್ಸಿನ ಅಭ್ಯಾಸದ ಮೊದಲ ಪಾಠ ಎಂದು ನಾನು ನಂಬಲು ಕಾರಣ ಇದು. ಉಸಿರಾಟದ ವ್ಯಾಯಾಮ, ಕಣ್ಣು ಮುಚ್ಚಿ ಚೆಂಡಿನ ದಾರಿ ಕಲ್ಪಿಸಿಕೊಳ್ಳುವುದು, ಎಲ್ಲ ಒಳ್ಳೆಯದೇ, ಆದರೆ ಎರಡನೆಯದು.

ಆಟಗಾರನ ಮಟ್ಟ ಅಳೆಯುವ ಹ್ಯಾಂಡಿಕ್ಯಾಪ್ ಲೆಕ್ಕ ಹಾಕುವ ರೀತಿಯಲ್ಲೂ ಇದೇ ವಿವೇಕ ಅಡಗಿದೆ. 2020ರಲ್ಲಿ ಜಾರಿಗೆ ಬಂದ ವಿಶ್ವ ಪದ್ಧತಿ ಆಟಗಾರನ ಕೊನೆಯ 20 ಸುತ್ತುಗಳಲ್ಲಿ ಒಳ್ಳೆಯ 8ನ್ನು ಮಾತ್ರ ಸರಾಸರಿಗೆ ತೆಗೆದುಕೊಳ್ಳುತ್ತದೆ. ಉಳಿದ 12ನ್ನು ಬದಿಗಿಡುತ್ತದೆ. ಎಷ್ಟು ಉದಾರ! ಆದರೆ ಇಪ್ಪತ್ತನ್ನೂ ನಮೂದಿಸಿದ ಮೇಲೆಯೇ ಆ ಉದಾರತೆ.

ತನ್ನ ಮೇಲೆ ತಾನೇ ಇಟ್ಟುಕೊಂಡ ನಿರೀಕ್ಷೆ ಹವ್ಯಾಸಿಯ ಇನ್ನೊಂದು ಹೊರೆ. ಎಂಟು ಅಡಿಯ ಪಟ್ ತಪ್ಪಿದರೆ ಹಣೆ ಚಚ್ಚಿಕೊಳ್ಳುವವರನ್ನು ನೋಡಿ. ಅಮೆರಿಕದ ಪಿಜಿಎ ಟೂರ್‌ನಲ್ಲಿ, ಅದನ್ನೇ ಹೊಟ್ಟೆಪಾಡು ಮಾಡಿಕೊಂಡವರು, ಎಂಟು ಅಡಿಯಿಂದ ಹಾಕುವುದು ಸುಮಾರು ಅರ್ಧದಷ್ಟನ್ನು ಮಾತ್ರ. ವಾರವಿಡೀ ಆಫೀಸಿನಲ್ಲಿ ಕೂತು ಶನಿವಾರ ಬಂದವನಿಗೆ ಅಷ್ಟು ಸಿಟ್ಟು ಬರುವುದಾದರೂ ಯಾವ ಹಕ್ಕಿನಿಂದ? ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ಗೆ ಹೋದಾಗ ವಿಶ್ವ ಶ್ರೇಯಾಂಕ 200. ಆ ವರ್ಷ ಕೋವಿಡ್ ಬಂದು ಮೈಯ ಶಕ್ತಿ ಇಳಿದಿತ್ತು, ಹೊಡೆದ ಚೆಂಡು ಬೇರೆಯವರದಕ್ಕಿಂತ ಎಷ್ಟೋ ಹಿಂದೆ ಬೀಳುತ್ತಿತ್ತು. ಕ್ಯಾಡಿಯಾಗಿ ಚೀಲ ಹೊತ್ತದ್ದು ಅಮ್ಮ. ದೂರ ಹೊಡೆಯಲಾಗದ್ದಕ್ಕೆ ಕೊರಗದೆ ಹತ್ತಿರದ ಆಟವನ್ನು ನಂಬಿ ಆಡಿದಳು. ಒಂದೇ ಹೊಡೆತದಿಂದ ಕಂಚು ತಪ್ಪಿ ನಾಲ್ಕನೆಯವಳಾದಳು. ಅವತ್ತು ಬೆಳಗ್ಗೆ ಬೇಗ ಎದ್ದು ಟಿವಿ ಮುಂದೆ ಕೂತವರಲ್ಲಿ ಬಹಳ ಮಂದಿಗೆ ಬರ್ಡಿ ಎಂದರೇನು ಎಂದೇ ಗೊತ್ತಿರಲಿಲ್ಲ.

ಶಿಷ್ಟಾಚಾರದ ಉಳಿದ ಮಾತುಗಳನ್ನು ಬೇಗ ಹೇಳಿಬಿಡಬಹುದು. ಕಿತ್ತ ಹುಲ್ಲನ್ನು ಕೂರಿಸು, ಮರಳುಗುಂಡಿಯಲ್ಲಿ ಹೆಜ್ಜೆಯ ಗುರುತು ಅಳಿಸು, ಇನ್ನೊಬ್ಬ ಹೊಡೆಯುವಾಗ ಬಾಯಿ ಮುಚ್ಚು, ಚೆಂಡು ಜನರ ಕಡೆ ಹೋದರೆ ಗಂಟಲು ಹರಿಯುವಂತೆ 'ಫೋರ್' ಎಂದು ಕೂಗು, ಕಳೆದ ಚೆಂಡನ್ನು ಮೂರು ನಿಮಿಷಕ್ಕಿಂತ ಹೆಚ್ಚು ಹುಡುಕಬೇಡ. ಈ ಕೊನೆಯದು 2019ರವರೆಗೆ ಐದು ನಿಮಿಷವಿತ್ತು. ನಮ್ಮ ಮಳೆಗಾಲದಲ್ಲಿ ಒಂದಾಳೆತ್ತರ ಬೆಳೆಯುವ ಹುಲ್ಲಿನಲ್ಲಿ ಐದು ನಿಮಿಷವಾದರೂ ಅಷ್ಟೆ, ಮೂರಾದರೂ ಅಷ್ಟೆ. ಮಳೆಯ ವಿಷಯದಲ್ಲಿ ನಿಯಮಗಳು ದಯಾಳು: ನಿಂತ ನೀರಿನಲ್ಲಿ ಬಿದ್ದರೆ, ಕೆಸರಲ್ಲಿ ಹೂತರೆ ದಂಡವಿಲ್ಲದೆ ಎತ್ತಿ ಪಕ್ಕಕ್ಕೆ ಹಾಕಬಹುದು. ಯಾವುದೋ ಪ್ರಾಣಿ ಚೆಂಡನ್ನು ಸರಿಸಿದರೂ ದಂಡವಿಲ್ಲ. ನಿಯಮ ಬಿಗಿಯಾಗುವುದು ಆಡುವವನದೇ ಕಾಲು ಸರಿಸಿದಾಗ.

ಸಾಕ್ಷಿಯೇ ಇಲ್ಲ ಎಂದು ಇಷ್ಟು ಹೊತ್ತು ಹೇಳಿದ್ದು ಪೂರ್ತಿ ನಿಜವೂ ಅಲ್ಲ. ಕ್ಯಾಡಿ ಇರುತ್ತಾನೆ. ಬೂಟಿನ ತುದಿಯಿಂದ ಚೆಂಡು ಹುಲ್ಲಿನಿಂದ ಹೊರಬಂದದ್ದನ್ನು ನೋಡುತ್ತಾನೆ, ಸಂಜೆಯ ಕೂಲಿ ನೆನೆದು ಆಕಾಶ ನೋಡುತ್ತಾನೆ. 'ಯಾರೂ ನೋಡಲಿಲ್ಲ' ಎನ್ನುವವನ ಲೆಕ್ಕದಲ್ಲಿ ಕ್ಯಾಡಿ ಸೇರಿಲ್ಲ, ಅಷ್ಟೆ. ಪ್ರಾಮಾಣಿಕತೆಯ ಆಟವೆಂದು ಬೀಗುವವರ ಲೆಕ್ಕದಲ್ಲಿ ಬಿಟ್ಟುಹೋಗುವ ಅತಿ ದೊಡ್ಡ ಸಂಖ್ಯೆ ಇದೇ ಎಂದು ನನಗನ್ನಿಸುತ್ತದೆ. ಆ ಕಡೆಯಿಂದ ನೋಡುತ್ತಾ ನಿಂತವರೇ ಎಷ್ಟೋ ಸಲ ಆಟವನ್ನು ಚೆನ್ನಾಗಿ ಕಲಿತರು. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಚಿನ್ನಸ್ವಾಮಿ ಮುನಿಯಪ್ಪ ಬೇರೆಯವರ ಚೀಲ ಹೊತ್ತೇ ಈ ಆಟಕ್ಕೆ ಬಂದವರು.

ಸ್ಪರ್ಧೆಯಲ್ಲಂತೂ ಇನ್ನೊಂದು ವಿಚಿತ್ರ ಏರ್ಪಾಡು. ನನ್ನ ಅಂಕಪಟ್ಟಿಯನ್ನು ಬರೆಯುವವನು ಜೊತೆಗೆ ಆಡುವವನು, ನಾನು ನೋಡಿ ಸಹಿ ಹಾಕಬೇಕು. ಸಹಿ ಹಾಕಿದ ಮೇಲೆ ಒಂದು ಹೋಲ್‌ನ ಅಂಕ ನಿಜಕ್ಕಿಂತ ಹೆಚ್ಚಿದ್ದರೆ ಹೆಚ್ಚಿದ್ದದ್ದೇ ಖಾಯಂ. 1968ರ ಮಾಸ್ಟರ್ಸ್ ಪಂದ್ಯದ ಕೊನೆಯ ದಿನ, ತನ್ನ 45ನೇ ಹುಟ್ಟುಹಬ್ಬದಂದು, ಅರ್ಜೆಂಟೀನಾದ ರೊಬೆರ್ತೊ ದೆ ವಿಸೆಂಜೊ 17ನೇ ಹೋಲನ್ನು ಮೂರರಲ್ಲಿ ಮುಗಿಸಿದ. ಸಾವಿರಾರು ಜನ ನೋಡಿದರು, ಟಿವಿಯಲ್ಲೂ ಕಂಡರು. ಜೊತೆಗಾರ ಟಾಮಿ ಆರನ್ ಅದನ್ನು ನಾಲ್ಕು ಎಂದು ಬರೆದ, ದೆ ವಿಸೆಂಜೊ ಗಮನಿಸದೆ ಸಹಿ ಹಾಕಿದ. ಬಾಬ್ ಗೋಲ್ಬಿ ಜೊತೆ ಸಮವಾಗಿ ಮರುಪಂದ್ಯ ಆಡಬೇಕಿದ್ದವನು ಒಂದು ಹೊಡೆತದಿಂದ ಸೋತ. ಜೋನ್ಸ್ ಸೋತದ್ದು ಯಾರೂ ನೋಡದ ಹೊಡೆತಕ್ಕೆ, ಇವನು ಸೋತದ್ದು ಹೊಡೆಯದೇ ಇದ್ದ ಹೊಡೆತಕ್ಕೆ. ಇದು ನ್ಯಾಯವೋ ಅಲ್ಲವೋ ಎಂದು ಗಾಲ್ಫ್ ಆಡುವವರು ಇವತ್ತಿಗೂ ಜಗಳವಾಡುತ್ತಾರೆ. ದೆ ವಿಸೆಂಜೊ ಮಾತ್ರ ಆರನ್‌ನನ್ನು ದೂರಲಿಲ್ಲ, ತನ್ನನ್ನೇ ಬೈದುಕೊಂಡ.

ಐದು ವರ್ಷದ ಮೇಲೆ, 1973ರಲ್ಲಿ, ಅದೇ ಮಾಸ್ಟರ್ಸನ್ನು ಟಾಮಿ ಆರನ್ ಗೆದ್ದ. ಕೊನೆಯ ದಿನ ಅವನ ಪಟ್ಟಿ ಬರೆಯುತ್ತಿದ್ದ ಜಾನಿ ಮಿಲ್ಲರ್ ಒಂದು ಹೋಲ್‌ನಲ್ಲಿ ಒಂದು ಹೊಡೆತ ಹೆಚ್ಚು ಬರೆದಿದ್ದ. ಆರನ್ ಸಹಿ ಹಾಕುವ ಮುಂಚೆ ಅದನ್ನು ಕಂಡುಹಿಡಿದು ತಿದ್ದಿಸಿದ.